ಡೈರೆಕ್ಟರ್ ಬದಲಾಯಿಸಿ, ಆದ್ರೆ ಎದುರು ಕೂತು ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮುಂಬಯಿಯ ಕನ್ನಡ ಸಂಘಗಳಲ್ಲಿ ವಾರ್ಷಿಕೋತ್ಸವದ ತಯಾರಿ ಶುರುವಾಗೋ ಹೊತ್ತು ಇದು, ಈ ಸಲ ನಾಟಕ ಯಾವುದು, ಯಾರು ಮಾಡಿಸ್ತಾರೆ ಅನ್ನೋ ಮಾತು ನಡೀತಿರುತ್ತೆ, ಅದಕ್ಕೇ ಈಗ ಬರೀತಿದ್ದೀನಿ. ಉಪನಗರದ ಒಂದು ಸಂಘಕ್ಕೆ ಬಹಳ ವರ್ಷ ನಾಟಕ ಡೈರೆಕ್ಟ್ ಮಾಡಿದವಳು ನಾನು. ಸಂಘದ ಹೆಸರು ಬೇಡ. ಹೋದ ವರ್ಷ ಹೊಸ ಕಮಿಟಿ ಬಂತು, ನಾಟಕ ಬೇರೆಯವರ ಕೈಗೆ ಹೋಯ್ತು. ಹೋಗಿದ್ದಕ್ಕೆ ನನ್ನ ತಕರಾರಿಲ್ಲ, ಸಂಘದ ನಾಟಕ ಯಾರಪ್ಪನ ಆಸ್ತಿನೂ ಅಲ್ಲ, ಬಂದಿರೋ ಹುಡುಗ ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವನು, ಕೆಲ್ಸ ಗೊತ್ತಿರೋನು. ಆದ್ರೆ ನನಗೆ ವಿಷಯ ಗೊತ್ತಾಗಿದ್ದು ವಾಟ್ಸಾಪ್ ಗ್ರೂಪಿಗೆ ಬಂದ ಆಮಂತ್ರಣ ಪತ್ರಿಕೆಯಿಂದ. ಅಷ್ಟರಲ್ಲಿ ನಾನು ಸ್ಕ್ರಿಪ್ಟ್ ಆರಿಸಿ, ಪಾತ್ರ ಹಂಚಿ, ಓದಿಸೋಕೂ ಶುರು ಮಾಡಿದ್ದೆ. ಕಮಿಟಿಯವರು ಯಾರಾದ್ರೂ ಒಬ್ರು ಮನೆಗೆ ಬಂದು "ಅಕ್ಕ, ಈ ಸಲ ಹೀಗೆ ಅಂತ ತೀರ್ಮಾನ ಮಾಡಿದ್ದೀವಿ" ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಯಾರೂ ಬರ್ಲಿಲ್ಲ. ತುಂಬ ನೋವಾಯ್ತು, ಅದನ್ನ ಮುಚ್ಚಿಡೋ ಅಗತ್ಯ ನನಗೆ ಕಾಣ್ತಿಲ್ಲ.

ನೋವಿಗಿಂತ ದೊಡ್ಡದೊಂದು ವಿಷಯ ಇದೆ, ಅದು ಕಮಿಟಿಗಳಿಗೆ ಮುಟ್ಟಬೇಕು. ಮುಂಬಯಿಯಲ್ಲಿ ಕನ್ನಡ ನಾಟಕ ಮಾಡಿಸೋದು ಅಂದ್ರೆ ಸ್ಟೇಜ್ ಮೇಲೆ ಎಂಟ್ರಿ ಎಕ್ಸಿಟ್ ಹೇಳಿಕೊಡೋದು ಮಾತ್ರ ಅಲ್ಲ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಮನೇಲಿ ಕನ್ನಡನೋ ತುಳುನೋ ಮಾತಾಡ್ತಾರೆ, ಕನ್ನಡ ಅಕ್ಷರ ಓದೋಕೆ ಬರಲ್ಲ. ಅವರಿಗೆ ಡೈಲಾಗ್ ಬೇರೆ ಲಿಪಿಯಲ್ಲಿ ಬರೆದು ಕೊಡ್ಬೇಕು, ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಲ ಮತ್ತು ಳ ಒಂದೇ ಆಗಿಬಿಡುತ್ತೆ, ಮರಾಠಿ ಥರ ಬರೆದ್ರೆ ಳ ಸರಿ ಹೋಗುತ್ತೆ ಆದ್ರೆ ಕೊಡು ಮತ್ತು ಕೋಡು ಎರಡೂ ಒಂದೇ ಥರ ಕಾಣುತ್ತೆ, ಹಾಗಾಗಿ ಯಾವ ಹುಡುಗನಿಗೆ ಯಾವ ಲಿಪಿ, ಎಲ್ಲಿ ಗುರುತು ಹಾಕ್ಬೇಕು ಅನ್ನೋದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಇರ್ತಿತ್ತು. ಭಾನುವಾರ ರಿಹರ್ಸಲ್ ಇಟ್ರೆ ಸೆಂಟ್ರಲ್ಲೋ ಹಾರ್ಬರ್ರೋ ಲೈನಲ್ಲಿ ಮೆಗಾಬ್ಲಾಕ್, ಅಂದ್ರೆ ರಿಪೇರಿಗೆ ಅಂತ ಲೋಕಲ್ ಟ್ರೈನ್ ನಿಲ್ಲಿಸಿರ್ತಾರೆ, ಪನ್ವೇಲ್ ಕಡೆಯಿಂದ ಬರೋ ಹುಡುಗಿ ಇಲ್ದೆ ಇರೋ ಸೀನ್ ಮೊದ್ಲು ತಗೋಬೇಕು, ಹೋಟೆಲಲ್ಲಿ ಕೆಲ್ಸ ಮಾಡೋರು ರಾತ್ರಿ ಅಂಗಡಿ ಮುಚ್ಚಿದ ಮೇಲೇ ಸಿಗೋದು. ಇದ್ರ ಜೊತೆಗೆ ಮಹಾರಾಷ್ಟ್ರದಲ್ಲಿ ನಾಟಕ ಆಡೋ ಮೊದ್ಲು ಸ್ಕ್ರಿಪ್ಟನ್ನ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿ ಅನ್ನೋ, ನಾಟಕ ಪರಿಶೀಲಿಸೋ ಸರ್ಕಾರಿ ಮಂಡಳಿಗೆ ಕೊಟ್ಟು ಸರ್ಟಿಫಿಕೇಟ್ ತಗೋಬೇಕು, ಆ ಓಡಾಟ ಬೇರೆ. ಊರಿಂದ ಹೊಸದಾಗಿ ಬಂದವರಿಗೆ ಇದೆಲ್ಲ ಹೇಗೆ ಗೊತ್ತಿರುತ್ತೆ? ನೋಟ್‌ಬುಕ್ ಕೊಡಿ ಅಂತ ಯಾರೂ ಕೇಳ್ಲಿಲ್ಲ, ನಾನೇ ಆ ಹುಡುಗನ ನಂಬರ್ ಹುಡುಕಿ ಕೊಟ್ಟು ಬಂದೆ. ಅವನು ಪಾಪ, "ಮೇಡಂ, ನೀವು ಬಿಟ್ಟಿದ್ದೀರಿ ಅಂತ ನಂಗೆ ಹೇಳಿದ್ರು" ಅಂದ.

ಆಮೇಲೆ ಕೆಲವು ತಿಂಗಳು ನಾನು ಯಾವ ನಾಟಕಕ್ಕೂ ಹೋಗ್ಲಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನು, ಮಾಹಿಮ್‌ನ ಕರ್ನಾಟಕ ಸಂಘದ ಹಾಲು, ಇವು ನಾನು ನಾಟಕ ನೋಡ್ತಾ ಬೆಳೆದ ಜಾಗಗಳು, ಅಲ್ಲಿಗೂ ಕಾಲು ಹೋಗ್ತಿರ್ಲಿಲ್ಲ. ನನ್ನ ಅಪ್ಪ ಫೋರ್ಟಿನ ಹೋಟೆಲಲ್ಲಿ ದುಡಿದು ರಾತ್ರಿ ಶಾಲೆಗೆ ಹೋದವರು, ಶಾಲೆಯ ವಾರ್ಷಿಕೋತ್ಸವದಲ್ಲೇ ಮೊದ್ಲು ಬಣ್ಣ ಹಚ್ಚಿದ್ದು, ಈ ಊರಿನ ಕನ್ನಡ ನಾಟಕಕ್ಕೆ ಅಂಥ ಹುಡುಗ್ರೇ ಆಧಾರ ಆಗಿದ್ದವರು. ಅವರ ಮಗಳು ಒಂದು ಕಮಿಟಿಗೋಸ್ಕರ ಮನೇಲಿ ಕೂರೋದು ನನಗೇ ಒಪ್ಪಿಗೆ ಆಗ್ಲಿಲ್ಲ.

ಈಗ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಆಫೀಸಿನ ರೂಮಲ್ಲಿ ಶನಿವಾರ ಸಂಜೆ ನಾಟಕ ಓದ್ತೀವಿ. ಸೆಟ್ಟಿಲ್ಲ, ಲೈಟಿಲ್ಲ, ಕಾರ್ಯಕ್ರಮ ಪಟ್ಟಿ ಇಲ್ಲ, ಪಾತ್ರ ಸರದಿ ಮೇಲೆ ಎಲ್ಲರಿಗೂ ಸಿಗುತ್ತೆ, ದೊಡ್ಡ ಪಾತ್ರ ಯಾರಿಗೆ ಅನ್ನೋ ಜಗಳ ಹತ್ರ ಸುಳಿಯಲ್ಲ. ಇಂಗ್ಲಿಷ್ ಅಕ್ಷರ ನೋಡಿ ಓದ್ತಿದ್ದ ಇಬ್ರು ಮಕ್ಕಳು ಈಗ ನಿಧಾನಕ್ಕೆ ಕನ್ನಡ ಪುಸ್ತಕಾನೇ ಹಿಡ್ಕೊಂಡು ಓದ್ತಾರೆ, ಡೈರೆಕ್ಟರ್ ಆಗಿದ್ದಾಗ ಷೋ ಡೇಟ್ ಹಿಂದೆ ಓಡೋ ಅವಸರದಲ್ಲಿ ಈ ಕೆಲ್ಸಕ್ಕೆ ಟೈಮೇ ಸಿಗ್ತಿರ್ಲಿಲ್ಲ. ಪಕ್ಕದ ಮನೆಯ ಮರಾಠಿ ಕಾಕು, ಅಂದ್ರೆ ಚಿಕ್ಕಮ್ಮ, ಕೂಡ ಬಂದು ಕೂರ್ತಾರೆ. 1843ರಲ್ಲಿ ಸಾಂಗ್ಲಿಯಲ್ಲಿ ಮರಾಠಿ ರಂಗಭೂಮಿಯ ಮೊದಲಿಗ ಅನ್ನಿಸ್ಕೊಂಡ ವಿಷ್ಣುದಾಸ ಭಾವೆ ಸೀತಾ ಸ್ವಯಂವರ ನಾಟಕ ಆಡಿಸಿದ್ದಕ್ಕೆ ಹೊನ್ನಾವರ ಕಡೆಯ ಕರ್ಕಿಯಿಂದ ಹೋದ ಯಕ್ಷಗಾನ ಮೇಳ ಪ್ರೇರಣೆ ಅಂತ ಹೇಳಿದಾಗ ಅವರಿಗಾದ ಖುಷಿ ನೋಡ್ಬೇಕಿತ್ತು. ಇನ್ನೊಂದು ತಂಡಕ್ಕೆ ಲೈಟ್ಸ್ ನೋಡ್ಕೊಳ್ಳೋಕೂ ಹೋಗ್ತೀನಿ, ಹಿಂದಿನಿಂದ ನಾಟಕ ನೋಡೋದು ಬೇರೆಯೇ ಪಾಠ.

ಡೈರೆಕ್ಷನ್ ಕೈ ತಪ್ಪಿದ ಬೇರೆಯವರೂ ಈ ಊರಲ್ಲಿದ್ದಾರೆ ಅಂತ ನನಗೆ ಗೊತ್ತು, ಅನುಭವ ಇಟ್ಕೊಂಡು ಸುಮ್ನೆ ಕೂತಿದ್ದಾರೆ, ಅವರು ಹತ್ತಿರದ ಯಾವ ತಂಡಕ್ಕಾದ್ರೂ ಹೋಗಿ ಪ್ರಾಂಪ್ಟಿಂಗ್ ಆದ್ರೂ ಹಿಡೀಲಿ ಅಂತ ನನ್ನ ಕಳಕಳಿ. ಕಮಿಟಿಯವರಿಗೆ ನನ್ನ ವಿನಂತಿ ಇಷ್ಟೇ, ಡೈರೆಕ್ಟರ್ ಬದಲಾಯಿಸೋದಾದ್ರೆ ಸ್ಕ್ರಿಪ್ಟ್ ಆರಿಸೋ ಮೊದ್ಲೇ ತೀರ್ಮಾನ ಮಾಡಿ, ಹಳಬರಿಗೆ ಎದುರು ಕೂತು ಹೇಳಿ, ಹಳಬರು ಹೊಸಬರು ಇಬ್ರನ್ನೂ ಒಂದು ರಿಹರ್ಸಲ್ಲಿಗೆ ಒಟ್ಟಿಗೆ ಕರೀರಿ, ಕಾರ್ಡು ಆಮೇಲೆ ಪ್ರಿಂಟಿಗೆ ಹೋಗ್ಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ
ಡೊಂಬಿವಲಿ ಪೂರ್ವ