ನುನ್ ಶಿಖರಾರೋಹಣದ ಅವಧಿ ವಿಸ್ತರಣೆ ಕುರಿತು

ಮಾನ್ಯ ಗ್ರಾಹಕರೇ,

ಮುಂದಿನ ಬೇಸಿಗೆಯಲ್ಲಿ ಲಡಾಖ್‌ನ 7135 ಮೀಟರ್ ಎತ್ತರದ ನುನ್ ಶಿಖರಕ್ಕೆ ನಮ್ಮ ಸಹಕಾರ ಸಂಘದ ಮಾರ್ಗದರ್ಶಕರೊಂದಿಗೆ ಹೊರಡಲು ತಾವು ಹೆಸರು ನೋಂದಾಯಿಸಿದ್ದೀರಿ. ಈ ಕಾರ್ಯಕ್ರಮದ ಅವಧಿಯನ್ನು ಐದು ದಿನ ಹೆಚ್ಚಿಸಲು ಸಂಘ ತೀರ್ಮಾನಿಸಿದ್ದು, ಅದರ ಕಾರಣಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ.

ಹಿಂದಿನ ವೇಳಾಪಟ್ಟಿಯ ಪ್ರಕಾರ ಬೇಸ್ ಕ್ಯಾಂಪ್ ಬಿಟ್ಟವರು ಮೇಲಿನ ಪ್ರತಿ ಶಿಬಿರದಲ್ಲಿ ಒಂದೊಂದು ರಾತ್ರಿ ತಂಗಿ ನೇರವಾಗಿ ಶಿಖರದತ್ತ ಸಾಗಬೇಕಿತ್ತು. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಆದರೆ ಟೆಂಟ್ ಹಾಕಲು ಸಮತಟ್ಟಾದ ಜಾಗ ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. 5500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧಕ್ಕೆ ಇಳಿದು, ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆಯಾಗಿರುತ್ತದೆ. ದಿನವೂ ಓಡಿ ಮೈ ಹುರಿಗೊಳಿಸಿಕೊಂಡವರಿಗೂ ಇದರಿಂದ ರಿಯಾಯಿತಿ ಇಲ್ಲ; ಸರಸರನೆ ಏರಿಬಿಡುವ ಕಾರಣಕ್ಕೆ ಅವರೇ ಮೊದಲು ತಲೆನೋವು, ವಾಕರಿಕೆಗೆ ಸಿಲುಕುವುದೂ ಉಂಟು.

ಆದ್ದರಿಂದ, ದೇಹವು ಎತ್ತರಕ್ಕೆ ಹಂತಹಂತವಾಗಿ ಒಗ್ಗಿಕೊಳ್ಳಲೆಂದು, ಇನ್ನು ಮುಂದೆ ತಂಡವು ಮೊದಲು ಒಂದನೇ ಶಿಬಿರದವರೆಗೆ ಸಾಮಾನು ಹೊತ್ತು ಅಂದೇ ಬೇಸ್ ಕ್ಯಾಂಪಿಗೆ ಇಳಿಯಲಿದೆ; ಮತ್ತೆ ಏರಿ ಅಲ್ಲಿ ಒಂದು ರಾತ್ರಿ ಕಳೆದು, ಪುನಃ ಕೆಳಗೆ ಬಂದು ದಣಿವಾರಿಸಿಕೊಂಡ ನಂತರವೇ ಅಂತಿಮ ಆರೋಹಣಕ್ಕೆ ಹೊರಡಲಿದೆ. ಹೆಚ್ಚುವರಿ ದಿನಗಳಲ್ಲಿ ಮೂರು ಇದಕ್ಕೆ ವಿನಿಯೋಗವಾಗಲಿದ್ದು, ಉಳಿದೆರಡನ್ನು ಹಿಮಪಾತ ಅಥವಾ ಬಿರುಗಾಳಿಯ ಸಲುವಾಗಿ ಕಾಯ್ದಿರಿಸಲಾಗಿದೆ. ಪ್ರತಿದಿನ ಬೆಳಿಗ್ಗೆ ರಕ್ತದಲ್ಲಿನ ಆಮ್ಲಜನಕದ ಮಟ್ಟ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ನೋಡುತ್ತೇವೆ. ಬೆರಳು ತಣ್ಣಗಿದ್ದರೆ ಅದು ತಪ್ಪು ಅಂಕಿ ತೋರಿಸುವುದರಿಂದ, ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡ ಮೇಲೆಯೇ ಅಳೆಯಲಾಗುವುದು. ಅಂಕಿ ಚೆನ್ನಾಗಿದ್ದರೂ ನಡಿಗೆ ತಡವರಿಸಿದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ಆ ಸದಸ್ಯರನ್ನು ತಡಮಾಡದೆ ಕೆಳಗಿಳಿಸಲಾಗುವುದು. ಈ ವಿಷಯದಲ್ಲಿ ಮಾರ್ಗದರ್ಶಕರ ತೀರ್ಮಾನವೇ ಅಂತಿಮ, ಶಿಖರ ಎಷ್ಟೇ ಹತ್ತಿರವಿದ್ದರೂ.

ಈಗಾಗಲೇ ಹಣ ಪಾವತಿಸಿದವರಿಂದ ಹೆಚ್ಚುವರಿ ಶುಲ್ಕ ಪಡೆಯುವುದಿಲ್ಲ. ಅಡುಗೆಯವರ ಮತ್ತು ಪೋರ್ಟರ್‌ಗಳ ಐದು ದಿನಗಳ ಕೂಲಿಯನ್ನು ಸಂಘವೇ ಭರಿಸಲಿದೆ. ಇಷ್ಟು ರಜೆ ದೊರೆಯದವರಿಗೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಹೊಸದಾಗಿ ಸೇರುವವರಿಗೆ ಮಾತ್ರ ಪರಿಷ್ಕೃತ ದರ ಅನ್ವಯಿಸುತ್ತದೆ.

ಆರೋಹಣದ ಅನುಮತಿಗಾಗಿ ದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನಕ್ಕೆ ಸದಸ್ಯರ ಪಟ್ಟಿ ಸಲ್ಲಿಸಬೇಕಾಗಿದೆ. ಸಲ್ಲಿಸಿದ ಮೇಲೆ ಹೆಸರು ಬದಲಿಸುವುದು ತೊಡಕಿನ ಕೆಲಸವಾದ್ದರಿಂದ, ತಮ್ಮ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಈ ತಿಂಗಳ ಕೊನೆಯೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ವಿಮೆ ಮಾಡಿಸಿರುವವರು ಹೊಸ ದಿನಾಂಕಗಳೂ 7000 ಮೀಟರಿಗೆ ಮೇಲ್ಪಟ್ಟ ಆರೋಹಣವೂ ಪಾಲಿಸಿಯಲ್ಲಿ ಸೇರಿವೆಯೇ ಎಂದು ಪರಿಶೀಲಿಸಿ, ಅದರ ಒಂದು ಪ್ರತಿಯನ್ನು ಉತ್ತರದೊಂದಿಗೆ ಲಗತ್ತಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ