ಮೌಂಟ್ ರಶ್‌ಮೋರ್‌ಗೆ ಮೊದಲು ಫೋರ್ಟ್ ಲಾರಮಿ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಅಪ್ಪ-ಅಮ್ಮಂದಿರಿಗೆ ನಿಮ್ಮ ಪ್ರವಾಸ ಪುಟ ತುಂಬಾ ಉಪಯೋಗಕ್ಕೆ ಬರುತ್ತದೆ. ನನಗೂ ಬಂದಿದೆ. ಆದರೆ ಡೆನ್ವರ್‌ನಿಂದ, ಅಮೆರಿಕದ ನಾಲ್ವರು ಅಧ್ಯಕ್ಷರ ಮುಖ ಬೆಟ್ಟದಲ್ಲಿ ಕೆತ್ತಿರುವ ಮೌಂಟ್ ರಶ್‌ಮೋರ್‌ಗೆ ಹೋಗುವ ದಾರಿಯ ಬಗ್ಗೆ ಬರೆಯುವವರು ವಯೋಮಿಂಗ್‌ನ ಫೋರ್ಟ್ ಲಾರಮಿ ಎಂಬ ಹಳೆಯ ಸೈನಿಕ ಕೋಟೆಯನ್ನು ಬಿಟ್ಟೇಬಿಡುತ್ತಾರೆ. ದೊಡ್ಡ ಸುತ್ತೇನೂ ಅಲ್ಲ. 85ನೇ ಹೆದ್ದಾರಿಯಲ್ಲಿ ಲಿಂಗಲ್ ಎಂಬ ಊರು ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹತ್ತು ಮೈಲಿಯಷ್ಟು ಹೋದರೆ ಫೋರ್ಟ್ ಲಾರಮಿ ಊರು. ಅಲ್ಲಿಂದ ಮೂರು ಮೈಲಿಗೆ ಕೋಟೆ.

ಕೋಟೆ ಎಂದರೂ ಬುರುಜು, ಕಂದಕ ಹುಡುಕಬೇಡಿ. ಸುತ್ತ ಗೋಡೆಯೇ ಇಲ್ಲ. ನದಿ ಪಕ್ಕದ ಬಯಲಿನಲ್ಲಿ ಕವಾಯತು ಮೈದಾನ, ಅದರ ಸುತ್ತ ಸೈನಿಕರ ಬ್ಯಾರಕ್, ಅಧಿಕಾರಿಗಳ ಮನೆಗಳು, ಅಂಗಡಿ, ಕಾವಲುಮನೆ. 1834ರಲ್ಲಿ ಚರ್ಮದ ವ್ಯಾಪಾರಕ್ಕೆ ಶುರುವಾದ ಜಾಗ ಇದು. 1849ರಲ್ಲಿ ಸೈನ್ಯ ಕೊಂಡುಕೊಂಡಿತು. ಆ ವರ್ಷ ಕಟ್ಟಲು ಶುರು ಮಾಡಿದ ಓಲ್ಡ್ ಬೆಡ್ಲಮ್ ಎಂಬ ಬಿಳಿ ಮರದ ಮನೆ ಇನ್ನೂ ಗಟ್ಟಿಯಾಗಿ ನಿಂತಿದೆ. ಆಸ್ಪತ್ರೆಯದು ಮಾತ್ರ ಬರೀ ಮೊಂಡುಗೋಡೆ. 1890ರಲ್ಲಿ ಸೈನ್ಯ ಹೊರಟಾಗ ಕಟ್ಟಡಗಳನ್ನು ಹರಾಜು ಹಾಕಿದರಂತೆ. ಉಳಿದದ್ದನ್ನು 1938ರಿಂದ ಸರ್ಕಾರ ಕಾಪಾಡಿಕೊಂಡು ಬಂದಿದೆ.

ನಾನು ಮಗಳು, ಅಳಿಯ, ಮೊಮ್ಮಗನ ಜೊತೆ ಅಲ್ಲಿ ಇಡೀ ಬೆಳಗ್ಗೆ ಕಳೆದೆ. ಪೀಠೋಪಕರಣ, ಸಮವಸ್ತ್ರ ನೋಡಿಕೊಂಡು ಬಂದುಬಿಟ್ಟರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಹೋಗುವ ಮುಂಚೆ ಎರಡು ಘಟನೆ ಓದಿಕೊಂಡು ಹೋಗಿ.

ಒಂದು 1854ರದು. ಪಶ್ಚಿಮಕ್ಕೆ ವಲಸೆ ಹೊರಟವರ ಹಸುವೊಂದನ್ನು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಲ್ಲೊಬ್ಬ ಕೊಂದ. ಬದಲಿಗೆ ಕುದುರೆ ಕೊಡುತ್ತೇವೆ ಎಂದು ಅವರ ಮುಖಂಡ ಹೇಳಿದರೂ ಕೋಟೆಯ ಲೆಫ್ಟಿನೆಂಟ್ ಗ್ರಾಟನ್ ಕೇಳಲಿಲ್ಲ. ಫಿರಂಗಿ ಹಿಡಿದುಕೊಂಡೇ ಅವರ ಬಿಡಾರಕ್ಕೆ ಹೋದ. ಮುಖಂಡ ಕಾಂಕ್ವರಿಂಗ್ ಬೇರ್ ಗುಂಡೇಟಿಗೆ ಬಲಿಯಾದ. ಗ್ರಾಟನ್ ಮತ್ತು ಅವನ ಸೈನಿಕರು, ಸುಮಾರು ಮೂವತ್ತು ಜನ, ಎಲ್ಲರೂ ಸತ್ತರು. ‘ಒಂದು ಹಸುವಿಗಾ ಅಜ್ಜಿ?’ ಎಂದು ಮೊಮ್ಮಗ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ.

ಇನ್ನೊಂದು 1868ರ ಒಪ್ಪಂದ. ರಶ್‌ಮೋರ್‌ಗಿಂತ ಮೊದಲು ಇಲ್ಲಿಗೆ ಹೋಗಿ ಎನ್ನಲು ಇದೇ ಕಾರಣ. ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಸೇರಿದಂತೆ ಇಂದಿನ ದಕ್ಷಿಣ ಡಕೋಟಾದ ಪಶ್ಚಿಮ ಭಾಗ ಲಕೋಟಾ ಜನರದ್ದೇ ಎಂದು ಅಮೆರಿಕ ಸರ್ಕಾರ ಇಲ್ಲಿ ಬರೆದುಕೊಟ್ಟಿತ್ತು. 1874ರಲ್ಲಿ ಆ ಬೆಟ್ಟಗಳಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಕಾನೂನು ಮಾಡಿ ಕಿತ್ತುಕೊಂಡರು. ನಾಲ್ವರು ಅಧ್ಯಕ್ಷರ ಮುಖ ಕೆತ್ತಿರುವುದು ಅದೇ ಬೆಟ್ಟಗಳಲ್ಲಿ! 1980ರಲ್ಲಿ ಸುಪ್ರೀಂ ಕೋರ್ಟ್ ಬಡ್ಡಿ ಸೇರಿ 10 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರವನ್ನು ಎತ್ತಿಹಿಡಿಯಿತು. ಲಕೋಟಾ ಜನ ಆ ದುಡ್ಡು ಮುಟ್ಟಲಿಲ್ಲ. ನಮಗೆ ನೆಲ ಬೇಕು ಎಂದರು. ಇದು ಗೊತ್ತಿದ್ದು ರಶ್‌ಮೋರ್ ಮುಂದೆ ನಿಂತರೆ ನೋಡುವ ಕಣ್ಣೇ ಬೇರೆಯಾಗುತ್ತದೆ, ಅಲ್ವಾ?

ಇನ್ನು ಹೊರಡುವವರಿಗೆ ಕೆಲವು ಮಾತು. ಮ್ಯಾಪ್‌ನಲ್ಲಿ ಸುಮ್ನೆ ‘ಲಾರಮಿ’ ಎಂದು ಹಾಕಿದರೆ ಷೆಯೆನ್ ನಗರದ ಪಶ್ಚಿಮಕ್ಕಿರುವ ಬೇರೆ ನಗರ ತೋರಿಸುತ್ತದೆ. ‘ಫೋರ್ಟ್ ಲಾರಮಿ ನ್ಯಾಷನಲ್ ಹಿಸ್ಟಾರಿಕ್ ಸೈಟ್’ ಎಂದು ಕೋಟೆಯ ಪೂರ್ತಿ ಹೆಸರು ಹಾಕಿ. ಪ್ರವೇಶ ಶುಲ್ಕ ಇಲ್ಲ. ನೆರಳು ಕಡಿಮೆ, ಬಿಸಿಲು ಜೋರು. ಟೋಪಿ, ನೀರು ಮರೆಯಬೇಡಿ. ಊರು ತೀರಾ ಚಿಕ್ಕದು, ಬುತ್ತಿ ಕಟ್ಟಿಕೊಂಡೇ ಹೋಗಿ. ಹುಲ್ಲಿನಲ್ಲಿ ಬುಡುಬುಡಿಕೆ ಹಾವು ಇರಬಹುದು, ಮಕ್ಕಳನ್ನು ಕಾಲುದಾರಿ ಬಿಟ್ಟು ಓಡಲು ಬಿಡಬೇಡಿ. ಸಮಯ ಇದ್ದರೆ ಹತ್ತಿರದ ಗರ್ನ್‌ಸಿಗೂ ಹೋಗಿ. ಪಶ್ಚಿಮಕ್ಕೆ ಹೊರಟವರ ಗಾಡಿಗಳ ಚಕ್ರ ಅಲ್ಲಿ ಮರಳುಗಲ್ಲನ್ನೇ ಆಳೆತ್ತರಕ್ಕೆ ಹತ್ತಿರ ಕೊರೆದಿದೆ.

ಮುಂದಿನ ಸಲ ರಶ್‌ಮೋರ್ ಬಗ್ಗೆ ಲೇಖನ ಹಾಕುವಾಗ ಜೊತೆಗೆ ಈ ಒಪ್ಪಂದದ ಕಥೆಯನ್ನೂ ಕೋಟೆಯ ದಾರಿಯನ್ನೂ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ಹೈಸ್ಕೂಲ್ ಶಿಕ್ಷಕಿ