12 ವೋಲ್ಟ್ ಅಡಾಪ್ಟರ್ ಚಾರ್ಜರ್ ಅಲ್ಲ

ಮಾನ್ಯ ಸಂಪಾದಕರೇ,

ಡ್ರೋನ್, ರಿಮೋಟಿನಿಂದ ಓಡಿಸುವ ಆರ್‌ಸಿ ಕಾರುಗಳ ಹವ್ಯಾಸಿಗಳಲ್ಲಿ ಮತ್ತು ಕಾಲೇಜು ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಲ್ಲಿ ಅಪಾಯದ ರೂಢಿಯೊಂದು ಬೆಳೆದಿದೆ. ಮೂರು ಲಿಥಿಯಂ ಸೆಲ್‌ಗಳ ಪ್ಯಾಕಿಗೆ 12 ವೋಲ್ಟ್ ಅಡಾಪ್ಟರಿನ ತಂತಿಗಳನ್ನು ನೇರ ಸಿಕ್ಕಿಸಿ ಮಲಗಿಬಿಡುವುದು. ಪ್ಯಾಕಿನ ಮೇಲೆ 11.1 ಎಂದಿದೆ, ಅಡಾಪ್ಟರ್ 12, ಹೊಂದುತ್ತದಲ್ಲ ಎಂಬ ಲೆಕ್ಕ. ಆ ಲೆಕ್ಕವೇ ತಪ್ಪು.

ಖಾಲಿಯಾದ ಪ್ಯಾಕ್ 10 ವೋಲ್ಟ್ ಆಸುಪಾಸಿನಲ್ಲಿರುತ್ತದೆ, ಅದರ ಒಳರೋಧ ತೀರಾ ಕಡಿಮೆ. ಜೋಡಿಸಿದ ಕ್ಷಣ ನುಗ್ಗುವ ಕರೆಂಟಿಗೆ ಲಗಾಮೇ ಇಲ್ಲ. ಪ್ಯಾಕ್ ಪೂರ್ತಿ ತುಂಬಲಿಲ್ಲವೆಂದು ಎಸ್‌ಎಂಪಿಎಸ್‌ನ (ವೋಲ್ಟೇಜ್ ಹೊಂದಿಸಬಹುದಾದ ಪವರ್ ಸಪ್ಲೈ) ಸ್ಕ್ರೂ ತಿರುಗಿಸಿ 12.6 ವೋಲ್ಟ್‌ಗೆ ಏರಿಸಿದರಂತೂ ಇನ್ನೂ ಅಪಾಯ. 12.6 ಎಂಬುದು ಮೂರು ಸೆಲ್‌ಗಳ ಮೊತ್ತ. ಮೂರೂ ತಮ್ಮ ಮಿತಿಯಾದ 4.2ರಲ್ಲಿದ್ದರೂ 12.6, ಎರಡು 4.1ರಲ್ಲಿ ನಿಂತು ಒಂದು 4.4ಕ್ಕೆ ಏರಿದರೂ 12.6. ಪ್ಯಾಕಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ ವ್ಯತ್ಯಾಸ ಕಾಣುವುದೇ ಇಲ್ಲ. ಮಿತಿ ಮೀರಿದ ಆ ಒಂದು ಸೆಲ್ಲಿನಲ್ಲಿ ಎಲೆಕ್ಟ್ರೊಲೈಟ್ (ಒಳಗಿನ ದ್ರಾವಣ) ಒಡೆದು ಅನಿಲವಾಗುತ್ತದೆ, ಪ್ಯಾಕ್ ಉಬ್ಬುತ್ತದೆ, ಬಿಸಿ ಹೆಚ್ಚಿದರೆ ಹೊತ್ತಿಕೊಳ್ಳುತ್ತದೆ.

ಪ್ಯಾಕನ್ನು ಕಾಯುವ ಬಿಎಂಎಸ್ ಬೋರ್ಡ್ ಇದೆಯಲ್ಲ ಎಂಬ ಧೈರ್ಯವೂ ಸಾಲದು. ಅದು ಅಪಾಯದ ಅಂಚಿನಲ್ಲಿ ಕಡಿದುಹಾಕುವ ಕೊನೆಯ ತಡೆ, ಚಾರ್ಜರ್ ಅಲ್ಲ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಬ್ಯಾಲೆನ್ಸಿಂಗ್, ಅಂದರೆ ಸೆಲ್‌ಗಳ ವೋಲ್ಟೇಜನ್ನು ಸಮ ಮಾಡುವ ವ್ಯವಸ್ಥೆ, ಇರುವುದೂ ಇಲ್ಲ.

ಬೇಕಾದದ್ದು ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್. ಅದರಲ್ಲಿ ಪ್ಯಾಕಿನ ದಪ್ಪ ತಂತಿಯ ಜೊತೆಗೆ ಸಣ್ಣ ಬಿಳಿ ಕನೆಕ್ಟರನ್ನೂ ಸಿಕ್ಕಿಸಬೇಕು. ಪ್ರತಿ ಸೆಲ್ಲನ್ನು ಅಳೆಯುವುದು ಅದರಿಂದಲೇ. ಬಗೆ ಲೈಪೋ (ಲಿಥಿಯಂ ಪಾಲಿಮರ್), ಸೆಲ್ 3, ಮೋಡ್ ಬ್ಯಾಲೆನ್ಸ್ ಎಂದು ಆರಿಸಿ. 2200 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸಾಮರ್ಥ್ಯದ ಪ್ಯಾಕಿಗೆ 2.2 ಆಂಪಿಯರ್ ಸಾಕು, ಒಂದು ಗಂಟೆ ಚಿಲ್ಲರೆಯಲ್ಲಿ ತುಂಬುತ್ತದೆ. ಅಪ್ಪಿತಪ್ಪಿಯೂ ನಿಕಲ್ ಬ್ಯಾಟರಿಯ ಮೋಡ್ ಬೇಡ. ಅದು 4.2ರಲ್ಲಿ ನಿಲ್ಲದೆ ವೋಲ್ಟೇಜ್ ಕುಸಿಯುವುದನ್ನೇ ಕಾಯುತ್ತಾ ಕರೆಂಟ್ ಕೊಡುತ್ತಲೇ ಇರುತ್ತದೆ. ಒಂಟಿ ಸೆಲ್ಲಿನವರು ಬಳಸುವ ಟಿಪಿ4056 ಎಂಬ ಚಾರ್ಜಿಂಗ್ ಬೋರ್ಡಿನ ಬಗ್ಗೆಯೂ ಒಂದು ಮಾತು: 1.2 ಕಿಲೋ ಓಮ್ ರೆಸಿಸ್ಟರಿನೊಂದಿಗೆ ಬರುವ ಬೋರ್ಡ್ 1 ಆಂಪಿಯರ್ ಕೊಡುತ್ತದೆ. 500 ಎಂಎಎಚ್‌ನ ಪುಟ್ಟ ಸೆಲ್ಲಿಗೆ ಅದು ತಕ್ಕ ಕರೆಂಟಿನ ಇಮ್ಮಡಿ. 2.4 ಕಿಲೋ ಓಮ್ ಹಾಕಿದರೆ ಅರ್ಧಕ್ಕಿಳಿಯುತ್ತದೆ.

ಹಾಸಿಗೆ, ಸೋಫಾ, ಪುಸ್ತಕದ ರಾಶಿಯ ಮೇಲೆ ಚಾರ್ಜ್ ಮಾಡಲೇಬೇಡಿ. ಬರಿಯ ಟೈಲ್ಸ್ ನೆಲ ಅಥವಾ ಮಣ್ಣಿನ ಕುಂಡ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು, ಎಚ್ಚರವಿರುವ ಒಬ್ಬರು. ಹಾರಿಸಿ ತಂದ ಪ್ಯಾಕ್ ಪೂರ್ತಿ ತಣ್ಣಗಾಗಲಿ. ಹೊಗೆ ಬಂದರೆ ಹೊರಗೋಡಿ. ಅದರಲ್ಲಿ ಹೈಡ್ರೊಜನ್ ಫ್ಲೋರೈಡಿನಂಥ ವಿಷಾನಿಲವಿರುತ್ತದೆ. ವಾರಗಟ್ಟಲೆ ಎತ್ತಿಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಇರಲಿ. ಉಬ್ಬಿದ್ದನ್ನು ಚುಚ್ಚುವುದೂ ಬೇಡ, ಮತ್ತೆ ಚಾರ್ಜಿಗೆ ಹಾಕುವುದೂ ಬೇಡ, ಮನೆಯ ಕಸಕ್ಕೂ ಬೇಡ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಪ್ರಾಜೆಕ್ಟ್ ಸಾಮಗ್ರಿಗಳ ಪಟ್ಟಿಯಲ್ಲಿ ಬ್ಯಾಟರಿ ಬರೆಯುವ ಕಾಲೇಜುಗಳು ಅದರ ಕೆಳಗೇ ಬ್ಯಾಲೆನ್ಸ್ ಚಾರ್ಜರನ್ನೂ ಬರೆಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಮಾರುವ ಅಂಗಡಿಯವರು, ಪ್ಯಾಕ್ ಕೇಳಿದವರಿಗೆ 'ಚಾರ್ಜರ್ ಯಾವುದಿದೆ?' ಎಂದು ಒಂದು ಮಾತು ಕೇಳಿದ ಮೇಲೆಯೇ ಬಿಲ್ ಹಾಕಲಿ.

ಇಂತಿ,
ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಹಾಸನ